ಬೆಲೆ ಇಳಿಯಿತು, ಹೆಸರು ಹೆಚ್ಚಿತು: ಶುಗರ್ ಮಾತ್ರೆಯೊಳಗೆ ಏನಿದೆ ಎಂದು ತಿಳಿದಿರಬೇಕಾದ ಕಾಲ

ಹಂಪನಕಟ್ಟೆಯ ಮೆಡಿಕಲ್‌ಗಳಲ್ಲಾಗಲಿ ಉಡುಪಿ ಸಿಟಿ ಬಸ್‌ಸ್ಟ್ಯಾಂಡಿನ ಸುತ್ತಲಿನ ಅಂಗಡಿಗಳಲ್ಲಾಗಲಿ, ಶುಗರ್ ಮಾತ್ರೆಗಳ ಕಪಾಟು ಕೆಲವೇ ವರ್ಷಗಳಲ್ಲಿ ಗುರುತು ಸಿಗದಷ್ಟು ಬದಲಾಗಿದೆ. 2019ರ ಕೊನೆಗೆ ವಿಲ್ಡಾಗ್ಲಿಪ್ಟಿನ್, 2020ರಲ್ಲಿ ಡಪಾಗ್ಲಿಫ್ಲೋಜಿನ್, 2022ರಲ್ಲಿ ಸಿಟಾಗ್ಲಿಪ್ಟಿನ್, 2025ರ ಮಾರ್ಚ್‌ನಲ್ಲಿ ಎಂಪಾಗ್ಲಿಫ್ಲೋಜಿನ್, ಹೀಗೆ ಒಂದರ ಹಿಂದೆ ಒಂದರಂತೆ ಪೇಟೆಂಟ್‌ಗಳು, ಅಂದರೆ ಒಂದೇ ಕಂಪನಿಗೆ ಇದ್ದ ತಯಾರಿಕೆಯ ಹಕ್ಕುಗಳು, ಮುಗಿದವು. ಮಾತ್ರೆಯೊಂದಕ್ಕೆ 60 ರೂಪಾಯಿ ಆಸುಪಾಸಿನಲ್ಲಿದ್ದ ಎಂಪಾಗ್ಲಿಫ್ಲೋಜಿನ್ ಅದೇ ತಿಂಗಳಲ್ಲಿ ಕೆಲವು ಕಂಪನಿಗಳಿಂದ 10 ರೂಪಾಯಿಯ ಒಳಗೆ ಸಿಗತೊಡಗಿತು. ವಾರಕ್ಕೊಮ್ಮೆ ಚುಚ್ಚುವ ಸೆಮಾಗ್ಲುಟೈಡ್‌ನ ಪೇಟೆಂಟ್‌ಗೂ ಭಾರತದಲ್ಲಿ 2026ರ ಮಾರ್ಚ್‌ವರೆಗೆ ಮಾತ್ರ ಆಯುಸ್ಸು.

ಇದು ನಿಜಕ್ಕೂ ಒಳ್ಳೆಯ ಸುದ್ದಿ. 2023ರಲ್ಲಿ ಪ್ರಕಟವಾದ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಇಂಡಿಯಾಬ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಹೃದಯವನ್ನೂ ಕಿಡ್ನಿಯನ್ನೂ ಕಾಯುವ ಔಷಧ ಕೂಲಿ ಮಾಡುವವರ ಕೈಗೂ ಎಟುಕುವಂತಾಗಿರುವುದು ಸಣ್ಣ ಸಂಗತಿಯಲ್ಲ. ಆದರೆ ಪೇಟೆಂಟ್ ಮುಗಿದ ಕೂಡಲೇ ಒಂದೇ ಔಷಧ ಹತ್ತಾರು ಹೆಸರಲ್ಲಿ ಬರುತ್ತದೆ. ಆಮೇಲೆ ಅದನ್ನು ಇನ್ನೊಂದರ ಜೊತೆ, ಮತ್ತೆರಡರ ಜೊತೆ ಸೇರಿಸಿದ ಮಾತ್ರೆಗಳು ಬರುತ್ತವೆ. “ಅದೇ ಬಿಳಿ, ಉದ್ದದ್ದು ಮಾರಾಯ್ರೆ, ಬೆಳಿಗ್ಗೆ ತಿನ್ನುವುದು” ಎಂದು ಹೇಳಿ ಔಷಧ ಕೊಳ್ಳುತ್ತಿದ್ದ ಪದ್ಧತಿ ಇನ್ನು ಅಪಾಯಕಾರಿ. ಒಳಗಿನ ಔಷಧದ ಹೆಸರು ಗೊತ್ತಿಲ್ಲದಿದ್ದರೆ ಒಂದೇ ಔಷಧವನ್ನು ಎರಡು ಸಲ ನುಂಗುವುದು, ಉಪವಾಸದ ದಿನ ಬಿಡಬೇಕಾದದ್ದನ್ನು ತಿನ್ನುವುದು, ಬಿಡಬಾರದ್ದನ್ನು ಬಿಡುವುದು, ಮೂರೂ ಆಗುತ್ತವೆ.

ಸ್ಟ್ರಿಪ್‌ನ ಹಿಂಬದಿ

ದೊಡ್ಡ ಅಕ್ಷರದಲ್ಲಿರುವುದು ಕಂಪನಿ ಇಟ್ಟ ಹೆಸರು. ನಿಮಗೆ ಬೇಕಾದದ್ದು ಹಿಂಬದಿಯಲ್ಲಿ, ‘ಪ್ರತಿ ಮಾತ್ರೆಯಲ್ಲಿ ಇರುವುದು’ ಎಂಬ ಅರ್ಥದ ಇಂಗ್ಲಿಷ್ ಸಾಲಿನ ಕೆಳಗೆ ಸಣ್ಣದಾಗಿ ಇರುತ್ತದೆ. ಅಲ್ಲಿ ಎಷ್ಟು ಔಷಧಗಳ ಹೆಸರಿದೆಯೋ ಆ ಒಂದು ಮಾತ್ರೆಯಲ್ಲಿ ಅಷ್ಟು ಔಷಧಗಳಿವೆ. ಮುಂದೆ ಮಿಲಿಗ್ರಾಂ ಲೆಕ್ಕ ಇರುತ್ತದೆ. ಅರ್ಧ ಸ್ಟ್ರಿಪ್ ಕತ್ತರಿಸಿ ಕೊಂಡರೆ ಈ ಸಾಲುಗಳೂ ಅವಧಿ ಮುಗಿಯುವ ದಿನಾಂಕವೂ ಅಂಗಡಿಯಲ್ಲೇ ಉಳಿದುಬಿಡುತ್ತವೆ. ಬಿಡಿಯಾಗಿ ಕೊಳ್ಳಲೇಬೇಕಾದರೆ ಉಳಿದ ತುಂಡಿನ ಫೋಟೋ ತೆಗೆದುಕೊಳ್ಳಿ.

ಹೆಸರುಗಳನ್ನು ಬಾಯಿಪಾಠ ಮಾಡಬೇಕಿಲ್ಲ, ಗುಂಪು ಗುರುತಿಸಿದರೆ ಸಾಕು. ‘ಗ್ಲಿಪ್ಟಿನ್’ ಎಂದು ಮುಗಿಯುವವೆಲ್ಲ ಒಂದು ಬಳಗ: ಸಿಟಾ, ವಿಲ್ಡಾ, ಟೆನೆಲಿ, ಲಿನಾ. ‘ಗ್ಲಿಫ್ಲೋಜಿನ್’ ಎಂದು ಮುಗಿಯುವವು ಇನ್ನೊಂದು: ಡಪಾ, ಎಂಪಾ, ಕೆನಾ. ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್, ಗ್ಲಿಪಿಜೈಡ್, ಗ್ಲಿಬೆನ್‌ಕ್ಲಮೈಡ್ ಈ ನಾಲ್ಕೂ ಸಲ್ಫೊನಿಲ್ ಯೂರಿಯಾ ಬಳಗದವು. ಒಂದೇ ಬಳಗದ ಎರಡು ಔಷಧ ಒಬ್ಬರ ಡಬ್ಬಿಯಲ್ಲಿ ಇರಕೂಡದು.

ಇದ್ದಾಗ ಹೇಗೆ ಬಂತು ಎಂದು ನೋಡಿದರೆ ದಾರಿ ಸಾಮಾನ್ಯವಾಗಿ ಒಂದೇ. ಹೃದಯದ ಡಾಕ್ಟರು ಹೃದಯದ ದುರ್ಬಲತೆಗೆಂದು ಡಪಾಗ್ಲಿಫ್ಲೋಜಿನ್ 10 ಮಿ.ಗ್ರಾಂ ಬರೆದಿರುತ್ತಾರೆ. ರೋಗಿಯ ಮಟ್ಟಿಗೆ ಅದು ‘ಹಾರ್ಟಿನ ಮಾತ್ರೆ’. ಶುಗರಿನ ಡಾಕ್ಟರು ಬೇರೆ ಆಸ್ಪತ್ರೆಯಲ್ಲಿ ಎಂಪಾಗ್ಲಿಫ್ಲೋಜಿನ್ ಮತ್ತು ಲಿನಾಗ್ಲಿಪ್ಟಿನ್ ಸೇರಿದ ಮಾತ್ರೆ ಕೊಡುತ್ತಾರೆ. ಡಪಾ, ಎಂಪಾ ಎರಡೂ ಒಂದೇ ಕೆಲಸ ಮಾಡುವ ಔಷಧ ಎಂಬುದು ಯಾರ ಕಣ್ಣಿಗೂ ಬೀಳುವುದಿಲ್ಲ, ಏಕೆಂದರೆ ಎರಡೂ ಚೀಟಿ ಒಂದೇ ಮೇಜಿನ ಮೇಲೆ ಬಂದಿರುವುದಿಲ್ಲ. ಕಂಕನಾಡಿಯಲ್ಲೊಂದು, ಮಣಿಪಾಲದಲ್ಲೊಂದು ಫೈಲ್ ಇರುವ ನಮ್ಮ ಊರಲ್ಲಿ ಎಲ್ಲ ಸ್ಟ್ರಿಪ್‌ಗಳನ್ನೂ ಒಂದು ಚೀಲದಲ್ಲಿ ಹಾಕಿ ಎರಡೂ ಕಡೆ ಒಯ್ಯುವುದೊಂದೇ ಉಪಾಯ.

ಬ್ರಾಂಡ್ ಹೆಸರಿನ ಬಾಲದಲ್ಲಿ ಬರುವ ‘ಎಂ’, ‘ಜಿಎಂ’, ‘ಎಂವಿ’, ‘ಪಿ’, ‘ಫೋರ್ಟೆ’ಗಳನ್ನು ನಂಬಿ ಕೂರಬೇಡಿ. ‘ಎಂ’ ಎಂದರೆ ಬಹುಮಟ್ಟಿಗೆ ಮೆಟ್‌ಫಾರ್ಮಿನ್, ‘ಪಿ’ ಎಂದರೆ ಪಯೋಗ್ಲಿಟಜೋನ್ ಇರುವುದು ಹೆಚ್ಚು. ಆದರೆ ಕಂಪನಿಗಳಿಗೆಲ್ಲ ಅನ್ವಯಿಸುವ ನಿಯಮ ಇಲ್ಲ. ಒಂದು ಅಕ್ಷರ ಹೆಚ್ಚಾದರೆ ಒಳಗೆ ಒಂದು ಔಷಧ ಹೆಚ್ಚಾಗಿರಬಹುದು. ಇಂಥ ಜೋಡಿ ಮಾತ್ರೆಗಳ ಬಗ್ಗೆ ಸರ್ಕಾರಕ್ಕೂ ತಲೆನೋವು ಇದ್ದೇ ಇದೆ. 2016ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ನಾನಾ ಕಾಯಿಲೆಗಳ 344 ಸಂಯುಕ್ತ ಔಷಧಗಳನ್ನು ನಿಷೇಧಿಸಿತು. ವಿಷಯ ಕೋರ್ಟು ಕಟ್ಟೆ ಹತ್ತಿ, 2018ರ ಸೆಪ್ಟೆಂಬರಿನಲ್ಲಿ 328ಕ್ಕೆ ಮತ್ತೆ ನಿಷೇಧ ಬಂತು. ಅವುಗಳಲ್ಲಿ ಸಕ್ಕರೆ ಕಾಯಿಲೆಯವೂ ಇದ್ದವು. ಜೋಡಿ ಮಾತ್ರೆ ಕೆಟ್ಟದ್ದೆಂದು ಇದರ ಅರ್ಥವಲ್ಲ. ನುಂಗುವ ಸಂಖ್ಯೆ ಕಡಿಮೆಯಾದರೆ ತಪ್ಪದೆ ತಿನ್ನುವವರು ಹೆಚ್ಚುತ್ತಾರೆ. ತೊಂದರೆ ಬರುವುದು ಒಂದನ್ನು ಮಾತ್ರ ನಿಲ್ಲಿಸಬೇಕಾದಾಗ. ಮೂರು ಔಷಧ ಒಂದೇ ಮಾತ್ರೆಯಲ್ಲಿದ್ದರೆ ಉಪವಾಸದ ದಿನ ಗ್ಲಿಮೆಪಿರೈಡ್ ಮಾತ್ರ ಬಿಟ್ಟು ಮೆಟ್‌ಫಾರ್ಮಿನ್ ತಿನ್ನಲಿಕ್ಕೆ ಆಗುವುದಿಲ್ಲ. ಉಪವಾಸ, ಪ್ರಯಾಣ, ರಾತ್ರಿ ಪಾಳಿ ಹೆಚ್ಚಿರುವವರು ಬೇರೆ ಬೇರೆ ಮಾತ್ರೆ ಬರೆಸಿಕೊಳ್ಳುವುದೇ ಲೇಸು.

ಮೆಟ್‌ಫಾರ್ಮಿನ್: ಹಳೆಯದು, ಈಗಲೂ ಮೊದಲನೆಯದು

ಯಕೃತ್ತು ರಾತ್ರಿಯೆಲ್ಲ ರಕ್ತಕ್ಕೆ ಬಿಡುವ ಸಕ್ಕರೆಯನ್ನು ಇದು ತಗ್ಗಿಸುತ್ತದೆ. ಒಂಟಿಯಾಗಿ ತಿಂದರೆ ಶುಗರ್ ಅಪಾಯದ ಮಟ್ಟಕ್ಕೆ ಇಳಿಯುವುದು ತೀರಾ ಅಪರೂಪ. ಸರ್ಕಾರಿ ಆಸ್ಪತ್ರೆಗಳ ಎನ್‌ಸಿಡಿ (ಅಸಾಂಕ್ರಾಮಿಕ ಕಾಯಿಲೆಗಳ) ಕ್ಲಿನಿಕ್‌ನಲ್ಲಿ ಉಚಿತ, ಜನೌಷಧಿಯಲ್ಲಿ ಅಗ್ಗ. ಶುರುವಿನಲ್ಲಿ ಹೊಟ್ಟೆ ತೊಳಸು, ಭೇದಿ ಬರುತ್ತದೆಂದು ಅರ್ಧಕ್ಕೆ ಬಿಡುವವರು ಬಹಳ. ಅದಕ್ಕೆ ಮದ್ದು ನಿಧಾನ: ರಾತ್ರಿ ಊಟದ ಜೊತೆ 500 ಮಿ.ಗ್ರಾಂ, ವಾರ ಕಳೆದು ಬೆಳಗಿನ ತಿಂಡಿಯ ಜೊತೆ ಇನ್ನೊಂದು, ಹೀಗೆ ಏರಿಸುತ್ತಾ ಸಾಮಾನ್ಯವಾಗಿ ದಿನಕ್ಕೆ 2000 ಮಿ.ಗ್ರಾಂವರೆಗೆ. ಖಾಲಿ ಹೊಟ್ಟೆಯಲ್ಲಿ ಬೇಡ. ಹೆಸರಿನ ಮುಂದೆ ‘ಎಸ್‌ಆರ್’ ಅಥವಾ ‘ಇಆರ್’ ಇದ್ದರೆ ಅದು ನಿಧಾನವಾಗಿ ಕರಗುವ ಮಾತ್ರೆ, ಹೊಟ್ಟೆಗೆ ಹಿತ. ಇದನ್ನು ಪುಡಿ ಮಾಡಕೂಡದು, ಜಗಿಯಕೂಡದು. ಕೆಲವೊಮ್ಮೆ ಮಲದಲ್ಲಿ ಇಡೀ ಮಾತ್ರೆಯಂತೆ ಕಾಣುವ ಮೆದು ವಸ್ತು ಹೋಗುತ್ತದೆ. ಔಷಧ ಹೀರಿಕೊಂಡಾದ ಮೇಲೆ ಉಳಿದ ಖಾಲಿ ಚಿಪ್ಪು ಅದು. ಗಾಬರಿಯಿಂದ ಇನ್ನೊಂದು ನುಂಗಬೇಡಿ.

ವರ್ಷಗಟ್ಟಲೆ ತಿಂದವರಲ್ಲಿ ಬಿ12 ಜೀವಸತ್ವ ಕುಸಿಯುತ್ತದೆ. ಮೀನು ಮೊಟ್ಟೆ ಮುಟ್ಟದ ಸಸ್ಯಾಹಾರಿ ಮನೆಗಳಲ್ಲಿ ಇದು ಇನ್ನೂ ಬೇಗ. ಅಂಗಾಲು ಜುಮ್ಮೆನ್ನುವುದನ್ನು ‘ಶುಗರಿನ ನರದ ತೊಂದರೆ’ ಎಂದು ಒಪ್ಪಿಕೊಂಡು ಕೂರುವ ಮೊದಲು ಬಿ12 ಪರೀಕ್ಷೆ ಮಾಡಿಸಿ. ಈ ಕೊರತೆ ಸರಿಪಡಿಸಲು ಬರುವಂಥದ್ದು. ಕಿಡ್ನಿಯ ಸಾಮರ್ಥ್ಯ ತೋರಿಸುವ ಇಜಿಎಫ್‌ಆರ್ 45ಕ್ಕಿಂತ ಕೆಳಗಿಳಿದರೆ ಪ್ರಮಾಣ ಅರ್ಧಕ್ಕೆ ಇಳಿಸಬೇಕು, 30ಕ್ಕಿಂತ ಕೆಳಗೆ ಪೂರ್ತಿ ನಿಲ್ಲಿಸಬೇಕು. ಕಿಡ್ನಿ ಸೊರಗಿದವರು ಆಂಜಿಯೋಗ್ರಾಂ ಅಥವಾ ಡೈ ಹಾಕಿ ಮಾಡುವ ಸ್ಕ್ಯಾನ್‌ಗೆ ಹೋಗುವಾಗ ಮೆಟ್‌ಫಾರ್ಮಿನ್ ತಿನ್ನುವ ವಿಷಯ ಹೇಳಲೇಬೇಕು. ನಿಲ್ಲಿಸಿ, 48 ಗಂಟೆಯ ಬಳಿಕ ಕಿಡ್ನಿ ಪರೀಕ್ಷೆ ನೋಡಿ ಮತ್ತೆ ಶುರು ಮಾಡುತ್ತಾರೆ.

ಗ್ಲಿಮೆಪಿರೈಡ್ ಬಳಗ: ಹೆಚ್ಚು ಎಚ್ಚರ ಬೇಕಾದ್ದು ಇಲ್ಲಿ

ಮೇದೋಜೀರಕ ಗ್ರಂಥಿಯನ್ನು ಹಿಂಡಿ ಇನ್ಸುಲಿನ್ ಹೊರಡಿಸುವುದು ಈ ಬಳಗದ ಕೆಲಸ. ಪರಿಣಾಮ ಬಲವಾದದ್ದು, ಬೆಲೆ ಕಡಿಮೆ. ಆದರೆ ನೀವು ಉಂಡಿದ್ದೀರೋ ಇಲ್ಲವೋ ಎಂದು ಅದು ನೋಡುವುದಿಲ್ಲ. ರಕ್ತದಲ್ಲಿ ಸಕ್ಕರೆ 90 ಇದ್ದರೂ ಇನ್ಸುಲಿನ್ ಬರುತ್ತಲೇ ಇರುತ್ತದೆ. ಹಾಗಾಗಿ ಬೆಳಗಿನ ತಿಂಡಿಗೆ 15ರಿಂದ 30 ನಿಮಿಷ ಮೊದಲು ಅಥವಾ ಮೊದಲ ತುತ್ತಿನ ಜೊತೆ ತಿನ್ನಬೇಕಾದ ಮಾತ್ರೆ ಇದು, ಮತ್ತು ಅದರ ಹಿಂದೆ ಊಟ ಬಂದೇ ಬರಬೇಕು.

ಕರಾವಳಿಯ ದಿನಚರಿ ಇದಕ್ಕೆ ಅಷ್ಟಾಗಿ ಒಗ್ಗುವುದಿಲ್ಲ. ಬ್ರಹ್ಮಕಲಶದ ದಿನ ಮಹಾಪೂಜೆ ಮುಗಿದು ಅನ್ನಸಂತರ್ಪಣೆಗೆ ಎಲೆ ಹಾಕುವಾಗ ಗಂಟೆ ಎರಡು ದಾಟಿರುತ್ತದೆ. ಬೆಳಿಗ್ಗೆ ಎಂಟಕ್ಕೆ ಎರಡು ನೀರುದೋಸೆಯ ಜೊತೆ ತಿಂದ ಗ್ಲಿಮೆಪಿರೈಡ್ 2 ಮಿ.ಗ್ರಾಂ ಅಷ್ಟು ಹೊತ್ತೂ ಕೆಲಸ ಮಾಡುತ್ತಿರುತ್ತದೆ. ಏಕಾದಶಿಯಂದು ಫಲಾಹಾರದಲ್ಲೇ ಇರುವವರು, ಶ್ರಾವಣ ಸೋಮವಾರ ಒಪ್ಪೊತ್ತು ಮಾಡುವವರು ಆ ದಿನ ಈ ಬಳಗದ ಬೆಳಗಿನ ಮಾತ್ರೆಯನ್ನು ಬಿಡಬೇಕೋ ಅರ್ಧ ಮಾಡಬೇಕೋ ಎಂದು ಮೊದಲೇ ಡಾಕ್ಟರರಿಂದ ಬರೆಸಿ ಇಟ್ಟುಕೊಳ್ಳಬೇಕು. ರಂಜಾನ್ ತಿಂಗಳಲ್ಲಿ ದಿನಕ್ಕೊಂದು ಗ್ಲಿಮೆಪಿರೈಡ್ ತಿನ್ನುವವರಿಗೆ ಅದನ್ನು ಸಾಮಾನ್ಯವಾಗಿ ಇಫ್ತಾರಿಗೆ ಸರಿಸುತ್ತಾರೆ. ಮೆಟ್‌ಫಾರ್ಮಿನ್ ಮೂರು ಹೊತ್ತು ಇದ್ದರೆ ಎರಡು ಹೊತ್ತಿನದು ಇಫ್ತಾರಿಗೆ, ಒಂದು ಹೊತ್ತಿನದು ಸಹರಿಗೆ. ಬೆರಳು ಚುಚ್ಚಿ ಪರೀಕ್ಷಿಸಿದರೆ ಉಪವಾಸ ಮುರಿಯುವುದಿಲ್ಲ ಎಂಬುದು ಧಾರ್ಮಿಕ ವಿದ್ವಾಂಸರಲ್ಲಿ ವ್ಯಾಪಕವಾಗಿ ಒಪ್ಪಿತವಾದ ಅಭಿಪ್ರಾಯ. 70ಕ್ಕಿಂತ ಕೆಳಗೆ ಅಥವಾ 300ಕ್ಕಿಂತ ಮೇಲೆ ಹೋದರೆ ಉಪವಾಸ ಅಲ್ಲಿಗೇ ಬಿಡಬೇಕು. ಈ ಹೊಂದಾಣಿಕೆ ಉಪವಾಸ ಶುರುವಾಗುವುದಕ್ಕೆ ಒಂದೆರಡು ತಿಂಗಳ ಮೊದಲೇ ಮಾತಾಡಿಕೊಳ್ಳಬೇಕಾದ್ದು.

ಶುಗರ್ 70ಕ್ಕಿಂತ ಇಳಿದಾಗ ಕೈ ನಡುಕ, ಎದೆ ಹೊಡೆತ, ವಿಪರೀತ ಹಸಿವು, ತಣ್ಣನೆಯ ಬೆವರು. 54ಕ್ಕಿಂತ ಇಳಿದರೆ ಮಾತು ತೊದಲುತ್ತದೆ, ಕಾರಣವಿಲ್ಲದೆ ಸಿಟ್ಟು ಬರುತ್ತದೆ, ಬುದ್ಧಿ ಮಂಕಾಗುತ್ತದೆ. ಏಪ್ರಿಲ್‌-ಮೇ ತಿಂಗಳ ನಮ್ಮ ಸೆಕೆಯಲ್ಲಿ ಬೆವರನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಫ್ಯಾನಿನ ಕೆಳಗೆ ಕೂತಾಗಲೂ ಹಣೆ ತಣ್ಣಗೆ ಒದ್ದೆಯಾದರೆ ಗ್ಲುಕೋಮೀಟರ್ ತೆಗೆಯಿರಿ. ಬಿಪಿಗೋ ಹೃದಯಕ್ಕೋ ಬೀಟಾ ಬ್ಲಾಕರ್ (ಹೃದಯ ಬಡಿತ ತಗ್ಗಿಸುವ ಮಾತ್ರೆ) ತಿನ್ನುವವರಲ್ಲಿ ನಡುಕ, ಎದೆ ಹೊಡೆತ ಮರೆಯಾಗುತ್ತವೆ. ಬೆವರೊಂದೇ ಉಳಿಯುವ ಸುಳಿವು.

ಕೂಡಲೇ 15 ಗ್ರಾಂ ಗ್ಲುಕೋಸ್, ಅಂದರೆ ಮೂರು ಟೀ ಚಮಚ ಗ್ಲುಕೋಸ್ ಪುಡಿ ನೀರಿಗೆ ಹಾಕಿ ಕುಡಿಸಬೇಕು. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ. ಏರದಿದ್ದರೆ ಇನ್ನೊಮ್ಮೆ. ಏರಿದ ಮೇಲೆ ಅನ್ನವೋ ಬ್ರೆಡ್ಡೋ ಏನಾದರೂ ತಿನ್ನಲೇಬೇಕು, ಇಲ್ಲದಿದ್ದರೆ ಮತ್ತೆ ಇಳಿಯುತ್ತದೆ. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬಾರದು. ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಿ. ಮತ್ತೊಂದು ಮಾತು: ಇನ್ಸುಲಿನ್‌ನಿಂದ ಇಳಿದ ಶುಗರ್ ಕೆಲವು ಗಂಟೆಯಲ್ಲಿ ಸರಿಹೋಗಬಹುದು, ಈ ಬಳಗದ ಮಾತ್ರೆಯಿಂದ ಇಳಿದದ್ದು ಒಂದು ದಿನ ದಾಟಿಯೂ ಮರುಕಳಿಸುತ್ತದೆ. ಮುಖ್ಯವಾಗಿ ವಯಸ್ಸಾದವರು, ಕಿಡ್ನಿ ಸೊರಗಿದವರು ಆಸ್ಪತ್ರೆಯಲ್ಲಿ ಎಚ್ಚರವಾದ ಕೂಡಲೇ ಮನೆಗೆ ಹೊರಡಬಾರದು. ಹಳೆಯ ಗ್ಲಿಬೆನ್‌ಕ್ಲಮೈಡ್ ಈಗಲೂ ತಿನ್ನುತ್ತಿರುವ ಅಜ್ಜ ಅಜ್ಜಿ ಮನೆಯಲ್ಲಿದ್ದರೆ ಬದಲಾಯಿಸಲು ಕೇಳಿ. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯೇ 60 ದಾಟಿದವರಿಗೆ ಅದು ಸೂಕ್ತವಲ್ಲ ಎಂದು ಹೇಳುತ್ತದೆ.

ಇಲ್ಲೇ ಜೋಡಿ ಮಾತ್ರೆಯ ಒಂದು ಗುಟ್ಟು ಅಡಗಿದೆ. ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್ ಜೊತೆ ವೊಗ್ಲಿಬೋಸ್ 0.2 ಅಥವಾ 0.3 ಮಿ.ಗ್ರಾಂ ಸೇರಿದ ಮಾತ್ರೆ ನಮ್ಮಲ್ಲಿ ಬಹಳ ಬಳಕೆಯಲ್ಲಿದೆ. ಕರುಳಿನಲ್ಲಿ ಪಿಷ್ಟ, ಸಕ್ಕರೆ ಒಡೆಯುವ ಕಿಣ್ವವನ್ನು ವೊಗ್ಲಿಬೋಸ್ ತಡೆಹಿಡಿಯುತ್ತದೆ. ಕುಚ್ಚಲಕ್ಕಿ ಅನ್ನ ಉಂಡ ಬಳಿಕದ ಏರಿಕೆ ತಗ್ಗುವುದು ಹಾಗೆ. ಆದರೆ ಶುಗರ್ ಕುಸಿದಾಗ ಆಸರಿಗೆ ಕೊಡುವಂತೆ ಬೆಲ್ಲ ನೀರು ಕೊಟ್ಟರೆ ಅದೇ ತಡೆ ಅಲ್ಲೂ ಇರುತ್ತದೆ. ಬೆಲ್ಲವೂ ಸಕ್ಕರೆಯೂ ಬಹುಪಾಲು ಸುಕ್ರೋಸ್. ಕರುಳಲ್ಲಿ ಒಡೆದರೆ ಮಾತ್ರ ರಕ್ತ ಸೇರುವುದು, ಈಗ ಒಡೆಯುವುದು ತಡ. ವೊಗ್ಲಿಬೋಸ್ ಅಥವಾ ಅದೇ ಬಳಗದ ಅಕಾರ್ಬೋಸ್ ತಿನ್ನುವವರಿಗೆ ಗ್ಲುಕೋಸ್ ಪುಡಿಯೇ ಬೇಕು. ಕಿಸೆಯಲ್ಲಿ ಚಾಕಲೇಟ್ ಇಟ್ಟುಕೊಂಡು ಧೈರ್ಯದಿಂದಿರುವವರು ಸ್ಟ್ರಿಪ್‌ನಲ್ಲಿ ಈ ಹೆಸರು ಇದೆಯೇ ಎಂದು ಇವತ್ತೇ ನೋಡಿ.

ಗ್ಲಿಮೆಪಿರೈಡ್ ತಿನ್ನುವಾಗ ಬೇರೆ ಔಷಧ ಸೇರಿದರೂ ಶುಗರ್ ಕುಸಿಯಬಹುದು: ಫಂಗಸ್‌ಗೆ ಕೊಡುವ ಫ್ಲುಕೊನಜೋಲ್, ಮೂತ್ರದ ಸೋಂಕಿಗೆ ಕೊಡುವ ಕೋ-ಟ್ರೈಮಾಕ್ಸಜೋಲ್, ಸಿಪ್ರೊಫ್ಲಾಕ್ಸಸಿನ್ ಮತ್ತು ಲೆವೊಫ್ಲಾಕ್ಸಸಿನ್. ಖಾಲಿ ಹೊಟ್ಟೆಯಲ್ಲಿ ಕುಡಿದ ಮದ್ಯವೂ ಅಷ್ಟೆ. ಅಂಗಳದ ‘ಇನ್ಸುಲಿನ್ ಗಿಡ’ದ ಎಲೆ, ಹಾಗಲಕಾಯಿ ರಸ, ಕಿರಾತಕಡ್ಡಿ ಕಷಾಯ ಸೇವಿಸುವವರು ಅದನ್ನು ಡಾಕ್ಟರರಿಂದ ಮುಚ್ಚಿಡಬೇಡಿ. ಲೇಬಲ್ ಇಲ್ಲದ ‘ಶುಗರ್ ಪುಡಿ’ಗಳಂತೂ ಬೇಡವೇ ಬೇಡ. ಅಂಥವುಗಳಲ್ಲಿ ಇದೇ ಬಳಗದ ಮಾತ್ರೆ ಅರೆದು ಬೆರೆಸಿರುವುದು ಪರೀಕ್ಷೆಗಳಲ್ಲಿ ಸಿಕ್ಕಿದೆ.

ಗ್ಲಿಪ್ಟಿನ್‌ಗಳ ಬಗ್ಗೆ ಹೇಳಬೇಕಾದ್ದು ಕಡಿಮೆ. ಸೌಮ್ಯ, ಒಂಟಿಯಾಗಿ ಶುಗರ್ ಕುಸಿಸುವುದಿಲ್ಲ, ತೂಕ ಏರಿಸುವುದಿಲ್ಲ. ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿಯನ್ನು ಇಳಿಸುವುದು ಸುಮಾರು 0.5ರಿಂದ 0.8 ಅಂಶ ಮಾತ್ರ. ಸಿಟಾಗ್ಲಿಪ್ಟಿನ್ 100 ಮಿ.ಗ್ರಾಂ ಕಿಡ್ನಿ ಸೊರಗಿದಂತೆ 50ಕ್ಕೆ, 25ಕ್ಕೆ ಇಳಿಯಬೇಕು. ಲಿನಾಗ್ಲಿಪ್ಟಿನ್ 5, ಟೆನೆಲಿಗ್ಲಿಪ್ಟಿನ್ 20 ಮಿ.ಗ್ರಾಂಗೆ ಆ ಬದಲಾವಣೆ ಬೇಕಿಲ್ಲ. ಹೊಟ್ಟೆಯ ಮೇಲ್ಭಾಗದಿಂದ ಬೆನ್ನಿಗೆ ಹರಡುವ ತೀವ್ರ ನೋವು, ಮೈಮೇಲೆ ದೊಡ್ಡ ನೀರುಗುಳ್ಳೆ ಬಂದರೆ ನಿಲ್ಲಿಸಿ ತೋರಿಸಿ. ಪಯೋಗ್ಲಿಟಜೋನ್‌ನದು ಬೇರೆ ಕತೆ. 2013ರ ಜೂನ್‌ನಲ್ಲಿ ಭಾರತ ಇದನ್ನು ತಡೆಹಿಡಿದು, ಜುಲೈ ಕೊನೆಗೆ ಎಚ್ಚರಿಕೆಯ ಬರಹದೊಂದಿಗೆ ಮತ್ತೆ ಬಿಟ್ಟಿತು. ಕೆಲವರಿಗೆ ಬಹಳ ಪ್ರಯೋಜನಕಾರಿ. ಆದರೆ ಕಾಲು ಊದುವವರಿಗೆ, ಹೃದಯದ ದುರ್ಬಲತೆ ಇರುವವರಿಗೆ, ಮೂತ್ರಕೋಶದ ಕ್ಯಾನ್ಸರ್ ಆದವರಿಗೆ, ಮೂಳೆ ಸವೆದ ಹೆಂಗಸರಿಗೆ ತಕ್ಕದ್ದಲ್ಲ. ಮೂರು ಔಷಧದ ಮಾತ್ರೆಯಲ್ಲಿ 15 ಅಥವಾ 7.5 ಮಿ.ಗ್ರಾಂ ಆಗಿ ಇದು ಕೂತಿರುವುದು ಅನೇಕರಿಗೆ ಗೊತ್ತೇ ಇರುವುದಿಲ್ಲ.

ಮೂತ್ರದಲ್ಲಿ ಸಕ್ಕರೆ ಹೊರಹಾಕುವ ಮಾತ್ರೆ ಮತ್ತು ನಮ್ಮ ಮಳೆಗಾಲ

ಡಪಾ, ಎಂಪಾಗ್ಲಿಫ್ಲೋಜಿನ್ ತಿಂದವರ ಮೂತ್ರದಲ್ಲಿ ದಿನಕ್ಕೆ ಸುಮಾರು 60ರಿಂದ 80 ಗ್ರಾಂ ಸಕ್ಕರೆ ಹೊರಹೋಗುತ್ತದೆ. ಮೂತ್ರ ಪರೀಕ್ಷೆಯಲ್ಲಿ ಸಕ್ಕರೆ ‘ನಾಲ್ಕು ಪ್ಲಸ್’ ಬಂದರೆ ಔಷಧ ಕೆಲಸ ಮಾಡುತ್ತಿದೆ ಎಂದಷ್ಟೇ ಅರ್ಥ. ಹೃದಯದ ದುರ್ಬಲತೆಯಿಂದ ಆಸ್ಪತ್ರೆ ಸೇರುವುದನ್ನೂ ಕಿಡ್ನಿ ಸವೆಯುವುದನ್ನೂ ಇವು ತಗ್ಗಿಸುತ್ತವೆ ಎಂಬುದಕ್ಕೆ ದೊಡ್ಡ ಅಧ್ಯಯನಗಳ ಬಲ ಇದೆ. ಬೆಲೆ ಇಳಿದದ್ದರಿಂದ ಹೆಚ್ಚು ಲಾಭವಾಗಬೇಕಾದ್ದು ಈ ಎರಡು ತೊಂದರೆ ಇರುವವರಿಗೆ. ಹೃದಯಾಘಾತ ಆದ ಮೇಲೂ, ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಹೋಗುತ್ತಿದ್ದರೂ ಬರೇ ಗ್ಲಿಮೆಪಿರೈಡ್-ಮೆಟ್‌ಫಾರ್ಮಿನ್‌ನಲ್ಲೇ ಇರುವವರು “ನನಗೆ ಇದು ಆಗುತ್ತದೆಯೇ” ಎಂದು ಕೇಳಲೇಬೇಕು.

ತೊಂದರೆ ಏನೆಂದರೆ ಸಿಹಿಯಾದ ಮೂತ್ರದಿಂದ ಗುಪ್ತಾಂಗದಲ್ಲಿ ಫಂಗಸ್ ಸೋಂಕು, ತುರಿಕೆ, ಬಿಳಿ ಸ್ರಾವ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಳಉಡುಪು ಒಣಗದ ನಮ್ಮ ಊರಲ್ಲಿ ಇದು ಹೆಚ್ಚು. ಮೂತ್ರ ಮಾಡಿದ ಬಳಿಕ ನೀರಲ್ಲಿ ತೊಳೆದು ಒರೆಸಿಕೊಳ್ಳುವುದು, ಹತ್ತಿಯ ಉಡುಪನ್ನು ಇಸ್ತ್ರಿ ಹಾಕಿ ಪೂರ್ತಿ ಒಣಗಿಸಿ ಹಾಕಿಕೊಳ್ಳುವುದು ಸಾಮಾನ್ಯವಾಗಿ ಸಾಕಾಗುತ್ತದೆ. ನಾಚಿಕೆಯಿಂದ ಹೇಳದೆ ಮಾತ್ರೆಯನ್ನೇ ಬಿಟ್ಟುಬಿಡುವವರು ಬಹಳ. ಹೇಳಿದರೆ ಮುಲಾಮಿನಿಂದ ಹೋಗುವಂಥದ್ದು ಅದು. ಹೇಳಿ ಫ್ಲುಕೊನಜೋಲ್ ಬರೆಸಿಕೊಂಡರೆ, ಗ್ಲಿಮೆಪಿರೈಡ್ ಕೂಡ ತಿನ್ನುತ್ತಿದ್ದೇನೆ ಎಂದು ಮರೆಯದೆ ತಿಳಿಸಿ.

ಅಪರೂಪವಾದರೂ ಜೀವಕ್ಕೆ ಎರವಾಗುವುದು ಕೀಟೋಅಸಿಡೋಸಿಸ್. ಊಟ ನಿಂತು, ನೀರು ಕಡಿಮೆಯಾಗಿ, ಇನ್ಸುಲಿನ್ ಸಾಲದೆ ಹೋದಾಗ ಕೀಟೋನ್ ಎಂಬ ವಸ್ತು ಹೆಚ್ಚಿ ರಕ್ತ ಆಮ್ಲವಾಗುತ್ತದೆ. ಈ ಮಾತ್ರೆ ತಿನ್ನುವವರಲ್ಲಿ ಆಗಲೂ ಶುಗರ್ 200ರ ಆಸುಪಾಸಿನಲ್ಲೇ ಇರಬಹುದು. ಮೀಟರ್ ನೋಡಿ ‘ಏನಿಲ್ಲ’ ಎಂದು ಮನೆಯವರೂ ಕೆಲವೊಮ್ಮೆ ಆಸ್ಪತ್ರೆಯವರೂ ಮೋಸ ಹೋಗುತ್ತಾರೆ. ವಾಂತಿ, ಹೊಟ್ಟೆನೋವು, ಜೋರಾದ ಉಸಿರಾಟ ಇದ್ದರೆ “ಇವರು ಡಪಾಗ್ಲಿಫ್ಲೋಜಿನ್ ತಿನ್ನುತ್ತಾರೆ, ಕೀಟೋನ್ ನೋಡಿ” ಎಂದು ನೀವೇ ಹೇಳಬೇಕು. ಆಪರೇಶನ್‌ಗೆ ಮೂರು ದಿನ ಮೊದಲೇ ಇದನ್ನು ನಿಲ್ಲಿಸಬೇಕು. ನೀರೂ ಕುಡಿಯದ ಉಪವಾಸದ ದಿನ ಇದು ಬೇಡ.

ವಾರದ ಚುಚ್ಚುಮದ್ದು

ಟಿರ್ಜೆಪಟೈಡ್ 2025ರ ಮಾರ್ಚ್‌ನಲ್ಲಿ ಭಾರತಕ್ಕೆ ಬಂದಾಗ 2.5 ಮಿ.ಗ್ರಾಂ ವೈಯಲ್‌ಗೆ (ಔಷಧದ ಸಣ್ಣ ಬಾಟಲಿ) 3,500 ರೂಪಾಯಿ, 5 ಮಿ.ಗ್ರಾಂಗೆ 4,375. ವಾರಕ್ಕೊಂದರಂತೆ ತಿಂಗಳ ಖರ್ಚು ಲೆಕ್ಕ ಹಾಕಿದರೆ ಯಾರ ಕೈಗೆ ಎಟುಕುತ್ತಿತ್ತು ಎಂದು ಗೊತ್ತಾಗುತ್ತದೆ. ಸೆಮಾಗ್ಲುಟೈಡ್ ಅಗ್ಗವಾದಷ್ಟೂ ‘ತೂಕ ಇಳಿಸುವ ಇಂಜೆಕ್ಷನ್’ ಎಂದು ಚೀಟಿಯಿಲ್ಲದೆ ಕೇಳುವವರು ಹೆಚ್ಚುತ್ತಾರೆ. ಇದು ಹಾಗೆ ಕೊಳ್ಳುವ ಔಷಧ ಅಲ್ಲ. ನಾಲ್ಕು ವಾರ 0.25 ಮಿ.ಗ್ರಾಂ, ಆಮೇಲೆ 0.5, ಬೇಕಾದರೆ ಮತ್ತೆ 1. ಬೇಗ ತೂಕ ಇಳಿಯಲೆಂದು ಮೆಟ್ಟಿಲು ಹಾರಿದವರೇ ವಾಂತಿಯಿಂದ ಬಳಲಿ ಡ್ರಿಪ್ ಹಾಕಿಸಿಕೊಳ್ಳುವುದು. ವೈಯಲ್‌ನಿಂದ ಇನ್ಸುಲಿನ್ ಸಿರಿಂಜಿಗೆ ಎಳೆದುಕೊಳ್ಳುವ ರೂಪದಲ್ಲಿ ಸಿಕ್ಕರೆ ಮಿ.ಗ್ರಾಂ ಬೇರೆ, ಮಿ.ಲೀ. ಬೇರೆ, ಸಿರಿಂಜಿನ ಯುನಿಟ್ ಬೇರೆ. ಎಷ್ಟು ಗೆರೆಯವರೆಗೆ ಎಂದು ತೋರಿಸಿಕೊಳ್ಳದೆ ಚುಚ್ಚಕೂಡದು.

ಇದನ್ನು ಶುರು ಮಾಡುವಾಗ ಗ್ಲಿಪ್ಟಿನ್ ನಿಲ್ಲಿಸಬೇಕು. ಎರಡೂ ಒಂದೇ ದಾರಿಯಲ್ಲಿ ಕೆಲಸ ಮಾಡುವುದರಿಂದ ಜೊತೆಗಿಟ್ಟುಕೊಂಡರೆ ದುಡ್ಡು ದಂಡ. ಗ್ಲಿಮೆಪಿರೈಡ್, ಇನ್ಸುಲಿನ್ ಪ್ರಮಾಣ ತಗ್ಗಿಸಬೇಕು. ಎಚ್‌ಬಿಎ1ಸಿ ಬಹಳ ಮೇಲಿದ್ದವರು ಮೊದಲು ಕಣ್ಣಿನ ರೆಟಿನಾ ತೋರಿಸಬೇಕು, ಶುಗರ್ ದಿಢೀರನೆ ಇಳಿದರೆ ಅಲ್ಲಿನ ಹಳೆಯ ತೊಂದರೆ ಉಲ್ಬಣಿಸಬಹುದು. ಮೆಡುಲ್ಲರಿ ಥೈರಾಯ್ಡ್ ಕ್ಯಾನ್ಸರ್ ಮನೆತನದಲ್ಲಿದ್ದರೆ ಇದು ಬೇಡ. ಸೆಮಾಗ್ಲುಟೈಡ್ ಮಾತ್ರೆಯನ್ನು ಎದ್ದ ಕೂಡಲೇ ಬರಿಹೊಟ್ಟೆಗೆ, ಅರ್ಧ ಲೋಟದಷ್ಟೇ ನೀರಲ್ಲಿ ನುಂಗಿ, ಅರ್ಧ ಗಂಟೆ ಚಹಾ ಕೂಡ ಕುಡಿಯದೆ ಇರಬೇಕು. ಇಲ್ಲದಿದ್ದರೆ ಔಷಧ ರಕ್ತಕ್ಕೆ ಸೇರುವುದೇ ಇಲ್ಲ.

ಇನ್ಸುಲಿನ್: ಸಿರಿಂಜಿನ ಬಣ್ಣ, ಗಲ್ಫಿನ ವೈಯಲ್, ಬೋಟಿನ ಐಸು

ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ವೈಯಲ್‌ನಲ್ಲಿ ಒಂದು ಮಿ.ಲೀ.ಗೆ 40 ಯುನಿಟ್ ಇನ್ಸುಲಿನ್. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. ಪೆನ್ನಿನ ಕಾರ್ಟ್ರಿಜ್‌ನಲ್ಲಿ 100 ಯುನಿಟ್, ಕಿತ್ತಳೆ ಮುಚ್ಚಳದ ಸಿರಿಂಜು ಆ ಅಳತೆಯದು. ಗಲ್ಫ್ ದೇಶಗಳಲ್ಲಿ ವೈಯಲ್ ಕೂಡ 100ರದ್ದೇ. ಮಗ ದುಬೈಯಿಂದ ತಂದ ವೈಯಲ್‌ನಿಂದ ಇಲ್ಲಿನ ಕೆಂಪು ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಅರ್ಧ ಮಿ.ಲೀ. ಬರುತ್ತದೆ, ಅಂದರೆ ಅಮ್ಮನಿಗೆ ಹೋಗುವುದು 20 ಅಲ್ಲ, 50 ಯುನಿಟ್. ತಿರುಗಾಮುರುಗಾ ಆಗಿ, ಇಲ್ಲಿನ ವೈಯಲ್‌ನಿಂದ ಕಿತ್ತಳೆ ಸಿರಿಂಜಿನಲ್ಲಿ 20ರವರೆಗೆ ಎಳೆದರೆ ಹೋಗುವುದು ಬರೇ 8 ಯುನಿಟ್. ‘ಇನ್ಸುಲಿನ್ ಹಿಡಿಯುತ್ತಿಲ್ಲ’ ಎಂಬ ದೂರಿನ ಹಿಂದೆ ಇದೂ ಇರಬಹುದು. ವೈಯಲ್ ಮೇಲಿನ ಅಂಕಿಯೂ ಸಿರಿಂಜಿನ ಮೇಲಿನ ಅಂಕಿಯೂ ಒಂದೇ ಇರಬೇಕು. ಪೆನ್ನಿನ ಕಾರ್ಟ್ರಿಜ್‌ನಿಂದ ಸಿರಿಂಜಿನಲ್ಲಿ ಎಳೆಯುವ ಅಭ್ಯಾಸವನ್ನಂತೂ ಬಿಟ್ಟೇಬಿಡಿ.

30/70 ಎಂಬ ಹಾಲಿನಂಥ ಮಿಶ್ರ ಇನ್ಸುಲಿನ್ ತಳದಲ್ಲಿ ಕೂತಿರುತ್ತದೆ. ಅಂಗೈಗಳ ನಡುವೆ ಹತ್ತು ಸಲ ಉರುಳಿಸಿ, ಹತ್ತು ಸಲ ಮೇಲೆ ಕೆಳಗೆ ಮಾಡಿದರೆ ಸಮನಾಗಿ ಬೆರೆಯುತ್ತದೆ. ಕುಲುಕಿದರೆ ನೊರೆ ಬಂದು ಅಳತೆ ತಪ್ಪುತ್ತದೆ. ಪೆನ್ನಿನಲ್ಲಿ ಮೊದಲು 2 ಯುನಿಟ್ ಹೊರಗೆ ಹಾರಿಸಿ ತುದಿಯಲ್ಲಿ ಹನಿ ಕಾಣಬೇಕು. 4 ಮಿ.ಮೀ. ಸೂಜಿ ನೇರವಾಗಿ ಚುಚ್ಚಿ, ಗುಂಡಿ ಒತ್ತಿ, ಹತ್ತು ಎಣಿಸಿ ಹೊರತೆಗೆಯಿರಿ. ದಿನಾ ಹೊಕ್ಕುಳಿನ ಬಲಗಡೆಯ ಅದೇ ಜಾಗಕ್ಕೆ ಚುಚ್ಚಿದರೆ ಅಲ್ಲಿ ಕೊಬ್ಬಿನ ಗಂಟು ಕಟ್ಟುತ್ತದೆ, ನೋವೂ ಆಗುವುದಿಲ್ಲ. ಆದರೆ ಅಲ್ಲಿಂದ ಇನ್ಸುಲಿನ್ ಒಂದು ದಿನ ಹೀರಲ್ಪಟ್ಟು ಇನ್ನೊಂದು ದಿನ ಹೀರಲ್ಪಡುವುದಿಲ್ಲ. ಬೆರಳಲ್ಲಿ ಒತ್ತಿ ನೋಡಿ, ಗಂಟು ಸಿಕ್ಕಿದರೆ ಜಾಗ ಬದಲಾಯಿಸಿ. ಹಾಗೆ ಬದಲಾಯಿಸಿದ ದಿನ ಪರಿಣಾಮ ಜೋರಾಗುತ್ತದೆ, ಪ್ರಮಾಣ ಇಳಿಸುವ ಬಗ್ಗೆ ಕೇಳಿಕೊಂಡೇ ಮಾಡಿ.

ತೆರೆಯದ ಇನ್ಸುಲಿನ್ ಫ್ರಿಜ್‌ನಲ್ಲಿ, 2ರಿಂದ 8 ಡಿಗ್ರಿಯಲ್ಲಿ, ಫ್ರೀಜರಿನಿಂದ ದೂರ. ಬಳಕೆಯಲ್ಲಿರುವುದು 30 ಡಿಗ್ರಿಯೊಳಗೆ ಸಾಮಾನ್ಯವಾಗಿ 28 ದಿನ. ಮಂಗಳೂರಿನ ಬೇಸಗೆಯಲ್ಲಿ ಕೋಣೆಯೇ 30 ದಾಟುತ್ತದೆ. ಮಣ್ಣಿನ ಮಡಕೆಯಲ್ಲಿ ಇಡುವ ಸಲಹೆ ಬಯಲುಸೀಮೆಗೆ ಚೆನ್ನಾಗಿ ಹೊಂದುತ್ತದೆ. ಮಡಕೆ ತಂಪಾಗುವುದು ನೀರು ಆವಿಯಾದಾಗ, ನಮ್ಮ ತೇವದ ಗಾಳಿಯಲ್ಲಿ ಆವಿಯಾಗುವುದು ಕಡಿಮೆ. ಇಲ್ಲಿ ಬಳಕೆಯ ಪೆನ್ನನ್ನೂ ಬೇಸಗೆಯಲ್ಲಿ ಫ್ರಿಜ್‌ನಲ್ಲಿಟ್ಟು, ಚುಚ್ಚುವ ಅರ್ಧ ಗಂಟೆ ಮೊದಲು ಹೊರಗೆ ತೆಗೆಯುವುದು ಮೇಲು. ಮಲ್ಪೆಯಿಂದಲೋ ಮಂಗಳೂರಿನ ದಕ್ಕೆಯಿಂದಲೋ ವಾರಕ್ಕೂ ಮೀರಿ ಆಳಸಮುದ್ರಕ್ಕೆ ಹೋಗುವವರು ಇನ್ಸುಲಿನ್ ಅನ್ನು ಮೀನಿನ ಐಸಿನ ಮೇಲೆ ನೇರ ಇಡಬಾರದು. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ನೋಡಲು ಮೊದಲಿನಂತೆಯೇ ಇರಬಹುದು, ಕೆಲಸ ಮಾತ್ರ ನೆಚ್ಚಲಾಗದು. ಬಟ್ಟೆ ಸುತ್ತಿ, ಗಾಳಿಯಾಡದ ಡಬ್ಬಿಯಲ್ಲಿ ಹಾಕಿ, ಐಸ್ ಪೆಟ್ಟಿಗೆಗೆ ತಾಗದಂತೆ ಪಕ್ಕದಲ್ಲಿಡಬೇಕು. ಒಂದು ಹೆಚ್ಚುವರಿ ಪೆನ್ ಬೇರೆ ಕಡೆ ಇರಲಿ.

ಜ್ವರ ಬಂದ ದಿನ

ಮಳೆಗಾಲದಲ್ಲಿ ಮಲೇರಿಯಾ, ಡೆಂಗಿ, ಇಲಿಜ್ವರ ಇಲ್ಲಿ ಪ್ರತಿ ವರ್ಷದ ಪಾಡು. ವಾಂತಿ ಭೇದಿ ಆಗಿ ಊಟ ಸೇರದಿದ್ದರೆ ಗ್ಲಿಫ್ಲೋಜಿನ್ ಮತ್ತು ಮೆಟ್‌ಫಾರ್ಮಿನ್ ಅಂದೇ ನಿಲ್ಲಿಸಬೇಕು, ಗ್ಲಿಮೆಪಿರೈಡ್ ಬಳಗದ್ದನ್ನು ಊಟ ಇಲ್ಲದ ಹೊತ್ತಿನಲ್ಲಿ ತಿನ್ನಬಾರದು. ಇನ್ಸುಲಿನ್ ಮಾತ್ರ ಪೂರ್ತಿ ನಿಲ್ಲಿಸುವಂತಿಲ್ಲ. ಉಣ್ಣದಿದ್ದರೂ ಜ್ವರದಲ್ಲಿ ಶುಗರ್ ಏರುತ್ತದೆ, ಪ್ರಮಾಣ ಎಷ್ಟೆಂದು ಫೋನಿನಲ್ಲಾದರೂ ಕೇಳಿ. ಉಪ್ಪು ಹಾಕಿದ ಗಂಜಿ ತಿಳಿ ಗುಟುಕು ಗುಟುಕಾಗಿ ಕೊಡುತ್ತಾ ಇರಿ, ನಾಲ್ಕು ಗಂಟೆಗೊಮ್ಮೆ ಶುಗರ್ ನೋಡಿ. ಕುಡಿದ ನೀರೂ ನಿಲ್ಲದಿದ್ದರೆ, ಶುಗರ್ 300 ದಾಟಿ ಇಳಿಯದಿದ್ದರೆ, ಉಸಿರಾಟ ಜೋರಾದರೆ ಮನೆಯಲ್ಲಿ ಕಾಯುವ ಸಮಯ ಅಲ್ಲ.

ಒಂದೆರಡು ದಿನ ಸರಿಯಾಗಿ ಉಂಡು ನೀರು ಕುಡಿಯುವಂತಾದ ಮೇಲೆ ನಿಲ್ಲಿಸಿದ ಮಾತ್ರೆಗಳನ್ನು ಮತ್ತೆ ಶುರು ಮಾಡಬೇಕು. ಆಸ್ಪತ್ರೆಯಿಂದ ಬಿಡುಗಡೆ ಆಗುವಾಗ ‘ಯಾವುದು ಯಾವ ದಿನದಿಂದ ಮತ್ತೆ’ ಎಂದು ಡಿಸ್ಚಾರ್ಜ್ ಚೀಟಿಯ ಮೇಲೇ ಬರೆಸಿಕೊಳ್ಳಿ. ಜ್ವರಕ್ಕೆಂದು ನಿಲ್ಲಿಸಿದ ಕಿಡ್ನಿ ಕಾಯುವ ಮಾತ್ರೆ ಹಾಗೆಯೇ ಮರೆತುಹೋಗಿ, ಮೂರು ತಿಂಗಳ ಬಳಿಕದ ಎಚ್‌ಬಿಎ1ಸಿ ವರದಿಯಲ್ಲಿ ಬೆಳಕಿಗೆ ಬರುವುದು ಬಹಳ ಸಲ ಆಗುತ್ತದೆ.